ಹಳತು ಮಾಡಿಸಿದ ಬೀರು

ನನ್ನ ಅಮ್ಮ ಮದುವೆಯಾಗಿ ಬಂದಾಗ ತವರಿನಿಂದ ಒಂದು ಹಳೆಯ ಬೀರು ತಂದಳು. ಅದು ಹಳೆಯದೆಂಬ ಒಂದೇ ಕಾರಣಕ್ಕೆ ನನ್ನ ದೊಡ್ಡಮ್ಮ, ಎಂದರೆ ಅಪ್ಪನ ಅಣ್ಣನ ಹೆಂಡತಿ, ಅವಳನ್ನು ಬದುಕಿರುವಷ್ಟು ಕಾಲ ಹಂಗಿಸಿದರು. ಈಗ ಆ ದೊಡ್ಡಮ್ಮನ ಮಗ ಮತ್ತು ಮೊಮ್ಮಗಳು ಅದೇ ಬೀರುವಿಗೆ ಇನ್ನಷ್ಟು ಹಳೆಯದಾಗಿ ಕಾಣುವಂತೆ ಬಣ್ಣ ಹೊಡೆಸಿ, ತಮ್ಮ ಸೀರೆ ಅಂಗಡಿಯ ನಟ್ಟನಡುವೆ ನಿಲ್ಲಿಸಿ, ಅದನ್ನು ತವರಿನಿಂದ ತಂದವರು ದೊಡ್ಡಮ್ಮನೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಆದ ಅನ್ಯಾಯ ಇಷ್ಟು. ಒಂದು ಬೀರುವಿಗೆ ಇಷ್ಟೊಂದು ಮಾತೇ ಎಂದು ನನ್ನ ಮನೆಯವರೇ ಕೇಳಿದ್ದಾರೆ. ಮಾತು ಎಷ್ಟಿದೆ ಎಂಬುದು ಅವರಿಗೆ ತಿಳಿಯದು. ಏಕೆಂದರೆ ಅವರು ಆ ಮನೆಯಲ್ಲಿ ಬೆಳೆದವರಲ್ಲ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಅಮ್ಮನನ್ನು ಏಕವಚನದಲ್ಲಿ ಕರೆಯುವುದು ಸಲಿಗೆಯಿಂದ. ದೊಡ್ಡಮ್ಮನನ್ನು ಬಹುವಚನದಲ್ಲಿ ಕರೆಯುವುದು ಅಭ್ಯಾಸದಿಂದ. ಎರಡನ್ನೂ ಆ ಮನೆಯೇ ನನಗೆ ಕಲಿಸಿತು.

ದೊಡ್ಡಬಳ್ಳಾಪುರದಲ್ಲಿ ನೇಯುವವರ ಬೀದಿಗಳ ಮನೆಗಳೆಲ್ಲ ಅಗಲ ಕಡಿಮೆ, ಉದ್ದ ಹೆಚ್ಚು. ನಮ್ಮದೂ ಹಾಗೆಯೇ. ಬೀದಿಗೆ ಜಗಲಿ, ಅದರ ಹಿಂದೆ ನಡುಮನೆ, ನಡುಮನೆಯ ಪಕ್ಕಕ್ಕೆ ಅಡುಗೆಮನೆ, ಅಲ್ಲಿಂದ ಹಿಂದಕ್ಕೆ ಒಬ್ಬರು ನಡೆದರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದಂಥ ಒಂದು ಓಣಿ. ಓಣಿಯ ಎಡಕ್ಕೆ ಬಚ್ಚಲು, ಕೊನೆಗೆ ಮಗ್ಗದ ಕೋಣೆ. ಮಗ್ಗಗಳು ಓಡುತ್ತಿದ್ದಾಗ ಆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಉಪ್ಪು ಬೇಕೆಂದರೂ ಕೂಗಬೇಕು, ಬೇಡವೆಂದರೂ ಕೂಗಬೇಕು. ನಮ್ಮ ಕಡೆಯ ಹೆಂಗಸರ ದನಿ ದೊಡ್ಡದೆಂದು ಹೊರಗಿನವರು ಆಡಿಕೊಳ್ಳುವುದಕ್ಕೆ ಕಾರಣ ಅದು. ಕರೆಂಟು ಹೋದರೆ ಮಾತ್ರ ಇಡೀ ಬೀದಿ ಒಮ್ಮೆಗೇ ಸ್ತಬ್ಧವಾಗುತ್ತಿತ್ತು. ಆಗ ಪಕ್ಕದ ಮನೆಯಲ್ಲಿ ತಟ್ಟೆ ಇಟ್ಟ ಸದ್ದೂ ಕೇಳುತ್ತಿತ್ತು. ದೊಡ್ಡಮ್ಮ ತಮ್ಮ ಮಾತುಗಳನ್ನು ಕರೆಂಟು ಹೋಗುವವರೆಗೆ ಕೂಡಿಟ್ಟುಕೊಳ್ಳುತ್ತಿದ್ದರು. ಮಗ್ಗ ನಿಂತ ಕೂಡಲೇ, ಕೈಲಿದ್ದ ಕೆಲಸವನ್ನು ಬಿಡದೆ, ಯಾರ ಮುಖವನ್ನೂ ನೋಡದೆ, ಅಡುಗೆಮನೆಯಿಂದಲೇ ಶುರುಮಾಡುತ್ತಿದ್ದರು. ಅದು ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ನಾನು ಚಿಕ್ಕವಳಾಗಿದ್ದಾಗ ಕರೆಂಟು ಹೋದರೆ ಹೆದರುತ್ತಿದ್ದೆ. ಕತ್ತಲೆಗೆ ಹೆದರುತ್ತೇನೆಂದು ಎಲ್ಲರೂ ತಿಳಿದಿದ್ದರು. ಹಗಲಿನಲ್ಲೂ ಯಾಕೆ ಹೆದರುತ್ತಾಳೆ ಎಂದು ಯಾರೂ ಕೇಳಲಿಲ್ಲ.

ಬೀರು ಬಂದದ್ದು ನಾನು ಹುಟ್ಟುವ ಮೊದಲು. ಆದರೂ ಅದು ಬಂದ ದಿನವನ್ನು ದೊಡ್ಡಮ್ಮ ಎಷ್ಟು ಸಲ ವರ್ಣಿಸಿದ್ದಾರೆಂದರೆ ನಾನೇ ಜಗಲಿಯಲ್ಲಿ ನಿಂತು ನೋಡಿದಂತಿದೆ. ಅಮ್ಮನ ತವರು ಸೂಲಿಬೆಲೆ. ತಂದೆಯಿಲ್ಲದ ಮನೆ. ಹೊಸ ಬೀರು ಮಾಡಿಸುವ ಶಕ್ತಿಯಿಲ್ಲದೆ ನನ್ನ ಸೂಲಿಬೆಲೆ ಅಜ್ಜಿ ತನ್ನ ಕೋಣೆಯಲ್ಲಿದ್ದ ಬೀರುವನ್ನೇ ಖಾಲಿ ಮಾಡಿ, ಒರೆಸಿ, ಅರಿಸಿನ ಕುಂಕುಮ ಹಚ್ಚಿ ಎತ್ತಿನ ಗಾಡಿಯಲ್ಲಿ ಕಳಿಸಿದಳು. ಅವರ ಹಿತ್ತಲಿನಲ್ಲೇ ಬೆಳೆದ ಹಲಸಿನ ಮರದ್ದು. ಎರಡು ಬಾಗಿಲು. ಮಾಡುವಾಗ ಹಲಗೆ ಸಾಲದೆ ಎಡಗಡೆಯ ಬಾಗಿಲಿನ ಕೆಳಗೆ ಒಂದು ಗೇಣಿನಷ್ಟು ಬೇವಿನ ಹಲಗೆ ಕೂಡಿಸಿದ್ದರು. ಹೆಣ್ಣು ತಂದ ಬಳುವಳಿಯನ್ನು ನೆಂಟರು, ನೆರೆಯವರು ಬಂದು ನೋಡುವುದು ನಮ್ಮಲ್ಲಿ ವಾಡಿಕೆ. ನೋಡಲು ಬಂದವರ ಮುಂದೆ ದೊಡ್ಡಮ್ಮ ಬಾಗಿ ಆ ಬೇವಿನ ತುಂಡನ್ನು ಬೆರಳಿನಿಂದ ಕುಟ್ಟಿ ತೋರಿಸಿದರಂತೆ.

“ಏನವ್ವ ಗೌರಿ, ನಿಮ್ಮನೇಲಿ ಹೊಸ್ದು ಅನ್ನೋದು ನೀನೊಬ್ಳೇನಾ? ನಿಂಗೂ ಎಲ್ಲಾದ್ರೂ ತೇಪೆ ಹಾಕವ್ರಾ, ಈಗ್ಲೇ ಹೇಳ್ಬಿಡು.”

ಇದನ್ನು ಅವರು ತಮಾಷೆಯಾಗಿ ಹೇಳಿದರಂತೆ. ಪ್ರತಿ ಸಲ ನೆನೆಸಿಕೊಂಡಾಗಲೂ ತಮಾಷೆಯಾಗಿಯೇ ನೆನೆಸಿಕೊಳ್ಳುತ್ತಿದ್ದರು. ಅವರ ಸ್ವಂತ ಬೀರು ತೇಗದ್ದು, ಬಾಗಿಲಿಗೆ ಆಳೆತ್ತರದ ಕನ್ನಡಿ ಇದ್ದದ್ದು, ನಡುಮನೆಯಲ್ಲಿ ನಿಂತಿತ್ತು. ಅಮ್ಮನದನ್ನು ಓಣಿಯಲ್ಲಿ, ಬಚ್ಚಲ ಬಾಗಿಲಿಗೆ ಎದುರಾಗಿ ಇರಿಸಿದರು. ದಿನವೂ ಹಂಡೆಯ ಒಲೆಯ ಹೊಗೆ ಅದಕ್ಕೆ ಬಡಿಯುತ್ತಿತ್ತು. ಸ್ನಾನ ಮಾಡಿ ಹೊರಬಂದವರು ಒದ್ದೆ ಕೈಯನ್ನು ಅದಕ್ಕೆ ಊರಿ ನಡೆಯುತ್ತಿದ್ದರು. ಸೀರೆ ಕೊಳ್ಳುವ ಸಾಹುಕಾರರೋ ದೊಡ್ಡಮ್ಮನ ತವರಿನವರೋ ಬರುವ ಸುದ್ದಿಯಿದ್ದರೆ ಬೀರುವಿನ ಮೇಲೆ ಒಂದು ಹಳೆಯ ದುಪ್ಪಟಿ ಬೀಳುತ್ತಿತ್ತು. ಮೈನೆರೆದವಳನ್ನೋ ಕಾಯಿಲೆಯವಳನ್ನೋ ಮರೆಮಾಡಿದ ಹಾಗೆ ಅದನ್ನು ಮರೆಮಾಡುತ್ತಿದ್ದರು. ಅಮ್ಮ ಆ ದುಪ್ಪಟಿಯ ಕೆಳಗೆ ಕೈ ತೂರಿಸಿ, ಬಾಗಿಲು ತೆರೆದು, ಬಂದವರಿಗೆ ಕೊಡಬೇಕಾದ ತಾಂಬೂಲದ ಬಟ್ಟಲನ್ನು ಹೊರತೆಗೆಯುತ್ತಿದ್ದಳು.

ಸಂಕ್ರಾಂತಿ ಹತ್ತಿರ ಬಂದರೆ ಮನೆಗೆ ಸುಣ್ಣ, ಬಾಗಿಲು ಕಿಟಕಿಗಳಿಗೆ ಬಣ್ಣ. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಅಮ್ಮ ಕೇಳಿ ಪಡೆಯುತ್ತಿದ್ದಳು. ಕೇಳದೆ ತೆಗೆದುಕೊಳ್ಳುವ ಹಕ್ಕು ಅವಳಿಗಿರಲಿಲ್ಲ. ಒಂದು ವರ್ಷ ಬಾಗಿಲಿಗೆ ಬಳಿದ ಹಸಿರು ಉಳಿದರೆ ಬೀರು ಹಸಿರು. ಇನ್ನೊಂದು ವರ್ಷ ಕಿಟಕಿಯ ನೀಲಿ ಉಳಿದರೆ ಬೀರು ನೀಲಿ. ನೆಲದ ಕೆಂಪು ಮಾತ್ರ ಉಳಿದ ವರ್ಷ ಅದು ಕೆಂಪು. ಅಮ್ಮ ಮರದ ಪುಡಿಗೆ ಗೋಂದು ಕಲಸಿ ಹುಳ ಕೊರೆದ ತೂತುಗಳಿಗೆ ತುಂಬುತ್ತಿದ್ದಳು. ಉಪ್ಪು ಕಾಗದದಿಂದ ಮೇಲೆಮೇಲೆ ಉಜ್ಜಿ, ಸಾಲದ ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿ ತೆಳು ಮಾಡಿ, ಮುಖಕ್ಕೆ ಎರಡು ಸಲ, ಪಕ್ಕಗಳಿಗೆ ಒಂದು ಸಲ ಬಳಿಯುತ್ತಿದ್ದಳು. ಹಿಂಭಾಗಕ್ಕೆ ಎಂದೂ ಬಣ್ಣ ಸಾಕಾಗಲಿಲ್ಲ. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಲು ಅವಳಿಗೆ ಬಿಡುವಿರಲಿಲ್ಲವಾದ್ದರಿಂದ ಬಣ್ಣದ ಮೇಲೆ ಬಣ್ಣ ಕೂತು ಬಾಗಿಲು ದಪ್ಪವಾಯಿತು, ಬಿಗಿಯಾಯಿತು. ಎರಡೂ ಕೈಯಲ್ಲಿ ಬಟ್ಟೆಯೋ ಪಾತ್ರೆಯೋ ಇರುತ್ತಿದ್ದುದರಿಂದ ಅಮ್ಮ ಎಡಗಡೆಯ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚುತ್ತಿದ್ದಳು. ಅವಳ ಮೊಣಕಾಲು ತಗಲುವ ಜಾಗದಲ್ಲಿ ಯಾವ ಬಣ್ಣವೂ ಮುಂದಿನ ಸಂಕ್ರಾಂತಿಯವರೆಗೆ ನಿಲ್ಲುತ್ತಿರಲಿಲ್ಲ. ಅಲ್ಲಿ ಮರ ನುಣುಪಾಗಿ, ಚೂರು ತಗ್ಗಾಗಿ, ಹಲಸಿನ ಹಳದಿ ಹೊರಗೆ ಕಾಣುತ್ತಿತ್ತು. ನಾನು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತು ಒಮ್ಮೆ ಕೇಳಿದ್ದೆ.

“ಪ್ರತಿ ವರ್ಷ ಯಾಕಮ್ಮ ಬಳೀತೀಯ? ದೊಡ್ಡಮ್ಮನ ಬೀರೂಗೆ ಬಣ್ಣಾನೇ ಇಲ್ವಲ್ಲ.”

“ಅದು ತೇಗ ಕಣೇ, ಅದಕ್ಕೆ ಬೇಡ. ಇದು ಹಳೇದು ಅಂತ ಗೊತ್ತಾಗ್ಬಾರ್ದು.”

“ಎಲ್ಲಾರ್ಗೂ ಗೊತ್ತಲ್ಲ.”

“ಹೊಸಬರಿಗೆ ಗೊತ್ತಿಲ್ಲ. ಗೊತ್ತಾದ್ರೆ ನಂಗೇನೂ ಅನ್ನಲ್ಲ ಲಚ್ಚಿ. ನಮ್ಮಮ್ಮನ್ನ ಅಂತಾರೆ.”

ನನ್ನ ಹೆಸರು ಪುಟ್ಟಲಕ್ಷ್ಮಿ, ಮನೆಯಲ್ಲಿ ಲಚ್ಚಿ. ಆ ದಿನದವರೆಗೆ ಅಮ್ಮ ಬೀರುವನ್ನು ಚೆಂದ ಮಾಡುತ್ತಿದ್ದಾಳೆಂದು ತಿಳಿದಿದ್ದೆ. ಅವಳು ಸೂಲಿಬೆಲೆಯ ಒಬ್ಬ ಮುದುಕಿಯನ್ನು ದೊಡ್ಡಬಳ್ಳಾಪುರದ ಬಾಯಿಂದ ಕಾಪಾಡುತ್ತಿದ್ದಳೆಂದು ಅಂದು ತಿಳಿಯಿತು. ಆ ಮುದುಕಿ ಎಂದೂ ನಮ್ಮ ಮನೆಗೆ ಬರಲಿಲ್ಲ. ಬಂದರೆ ಬೀರುವಿನ ಮೇಲೆ ದುಪ್ಪಟಿ ಕಂಡೀತೆಂದು ಅಮ್ಮನೇ ಕರೆಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಅವರೆಕಾಯಿಯ ಕಾಲ. ನೆನೆಸಿದ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ನಡುಮನೆಯಲ್ಲಿ ಹೆಂಗಸರೆಲ್ಲ ಸುತ್ತ ಕೂರುತ್ತಿದ್ದರು. ನೆರೆಮನೆಯವರೂ ಬಂದು ಕೈಹಾಕುತ್ತಿದ್ದರು. ಒಂದು ಸಲ, ಬೀರುವಿಗೆ ನೀಲಿ ಬಳಿದ ಮರುದಿನ. ಅಮ್ಮ ಬಂದು ಕಾಳಿನ ಪರಾತದ ಮುಂದೆ ಕೂತಳು. ಮಗ್ಗ ನಿಂತಿತ್ತು.

“ಗೌರಿ, ನೀನು ಹಿತುಕ್ಬೇಡ. ಸೀಮೆಎಣ್ಣೆ ವಾಸ್ನೆ ಸಾರಿಗೆಲ್ಲಾ ಹತ್ಕೊಳ್ತದೆ.”

“ಸೋಪ್ ಹಾಕಿ ತೊಳ್ಕೊಂಡಿದೀನಿ ಅಕ್ಕ.”

“ತೊಳ್ದ್ರೆ ವಾಸ್ನೆ ಹೋಗ್ತದಾ? ಬಣ್ಣ ಬಳ್ದ್ರೆ ಹಳೇದು ಹೊಸದಾಗ್ತದಾ? ಎದ್ದೋಗಿ ಪಾತ್ರೆ ಬೆಳಗು, ಆ ಕೈಗೆ ಅದೇ ಸರಿ.”

ಕೂತಿದ್ದವರು ನಕ್ಕರು. ಒಬ್ಬಾಕೆ ಮಾತ್ರ ನಗದೆ ಪರಾತವನ್ನೇ ನೋಡುತ್ತಿದ್ದಳು. ಆಕೆಯ ಮುಖವೂ ನನಗೆ ನೆನಪಿದೆ, ನಕ್ಕವರ ಮುಖಗಳೂ ನೆನಪಿವೆ. ಅಮ್ಮ ಎದ್ದು ಹೋದಳು. ಆ ದಿನ ಎಲ್ಲರಿಗೂ ಮುದ್ದೆ ಇಟ್ಟು, ಹಿತುಕಿದ ಬೇಳೆಯ ಸಾರು ಬಡಿಸಿ, ತಾನು ಮುದ್ದೆಯನ್ನು ಮಜ್ಜಿಗೆಯಲ್ಲಿ ಉಂಡಳು. ಅಪ್ಪ ಎದುರಿಗೆ ಕೂತು ಉಂಡು, ಸಾರು ಚೆನ್ನಾಗಿದೆ ಎಂದು ಅತ್ತಿಗೆಗೆ ಹೇಳಿ ಎದ್ದರು. ಅಪ್ಪನ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಒಳ್ಳೆಯ ನೇಕಾರರು. ಎಳೆ ತುಂಡಾದದ್ದನ್ನು ಮಗ್ಗದ ಸದ್ದಿನ ನಡುವೆಯೂ ಕಿವಿಯಿಂದಲೇ ಹಿಡಿಯುತ್ತಿದ್ದರು. ಮನೆಯೊಳಗೆ ಅವರಿಗೆ ಏನೂ ಕೇಳುತ್ತಿರಲಿಲ್ಲ.

ಇನ್ನು ಕೆಂಪು ನೂಲಿನ ವಿಷಯ. ಮಗ್ಗದಿಂದ ಇಳಿದ ಸೀರೆಯನ್ನು ದೊಡ್ಡಪ್ಪ ಬೆಳಕಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಎಳೆ ತಪ್ಪಿ ಗೆರೆ ಬಿದ್ದಿದ್ದರೆ, ಎಣ್ಣೆಯ ಕಲೆಯಾಗಿದ್ದರೆ, ಆ ಜಾಗದ ನೇರಕ್ಕೆ ಅಂಚಿನಲ್ಲಿ ಒಂದು ಕೆಂಪು ನೂಲು ಕಟ್ಟಿ ಬೇರೆ ಇಡುತ್ತಿದ್ದರು. ಅದು ‘ಡ್ಯಾಮೇಜ್’. ಡ್ಯಾಮೇಜ್ ಸೀರೆಗೆ ಬೆಲೆ ಮಾತಾಡುವ ಹಾಗಿಲ್ಲ. ಕೇಳಿದವರಿಗೆ ಕೇಳಿದ ಬೆಲೆಗೆ ಹೋಗಬೇಕು. ನಮ್ಮ ಮನೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಗೊತ್ತಾಗುತ್ತಿದ್ದ ಗುರುತು ಅದು. ದೊಡ್ಡಮ್ಮನ ಮಗ ಮಂಜಣ್ಣ ನನಗಿಂತ ಕೆಲವು ವರ್ಷ ಹಿರಿಯ. ಒಂದು ಹಬ್ಬದ ದಿನ, ಮನೆ ತುಂಬ ಜನರಿದ್ದಾಗ, ಅವನು ಮಗ್ಗದ ಕೋಣೆಯಿಂದ ಕೆಂಪು ನೂಲು ತಂದು ಅಮ್ಮನ ಬೀರುವಿನ ಹಿಡಿಗೆ ಕಟ್ಟಿದ. ಕಟ್ಟಿ, ಜಗಲಿಗೆ ಓಡಿಹೋಗಿ ಕೂಗಿದ.

“ಬನ್ರೋ ಬನ್ರೋ, ಚಿಕ್ಕಮ್ಮನ ಬೀರು ಡ್ಯಾಮೇಜ್!”

ಜನ ಓಣಿಗೆ ನುಗ್ಗಿ ನೋಡಿದರು. ಅಷ್ಟು ನಗು ಆ ಮನೆಯಲ್ಲಿ ಎಂದೂ ಆಗಿರಲಿಲ್ಲ. ದೊಡ್ಡಪ್ಪ ಕಣ್ಣೊರೆಸಿಕೊಂಡು ನಕ್ಕರು. ಅಪ್ಪನೂ ನಕ್ಕರು. ದೊಡ್ಡಮ್ಮ ಮಗನ ತಲೆ ಸವರಿ, ಇವನಿಗೆ ಈಗಲೇ ವ್ಯಾಪಾರ ಬಂದಿದೆ ನೋಡಿ ಎಂದರು. ಅಮ್ಮನೂ, ಎಲ್ಲರೂ ನಗುತ್ತಿದ್ದಾರೆಂದು, ನಕ್ಕಳು. ನಾನು ಅವಳ ಸೆರಗಿನ ಹತ್ತಿರವೇ ನಿಂತಿದ್ದೆ. ನಗುತ್ತಿದ್ದವಳ ಕೈ ನನ್ನ ಭುಜವನ್ನು ಎಷ್ಟು ಬಲವಾಗಿ ಹಿಡಿದಿತ್ತೆಂದರೆ ಸ್ನಾನ ಮಾಡುವಾಗ ಅಲ್ಲಿ ಗುರುತು ಕಂಡಿತು. ನೂಲನ್ನು ಬಿಚ್ಚಲು ಹೋದ ನನ್ನನ್ನು ಅವಳೇ ತಡೆದಳು. ನೆಂಟರು ಹೋಗುವವರೆಗೆ ಅದು ಹಾಗೆಯೇ ಇತ್ತು. ಆಮೇಲೆ ತಾನೇ ಬಿಚ್ಚಿ, ಎಸೆಯದೆ, ಮಗ್ಗದ ಕೋಣೆಗೆ ಹೋಗಿ ನೂಲಿನ ಬುಟ್ಟಿಯಲ್ಲಿಟ್ಟು ಬಂದಳು. ನೂಲು ಮನೆಯದು ಎಂದಳು. ಮಾರನೆಯ ದಿನದಿಂದ ಅವಳು ಆ ವಿಷಯವನ್ನು ಎತ್ತಲಿಲ್ಲ, ಎತ್ತಲು ಬಿಡಲೂ ಇಲ್ಲ. ಮರೆಯುವುದು ತನ್ನ ಪಾಲಿನ ಕೆಲಸವೆಂಬಂತೆ ಒಂದೊಂದನ್ನೂ ಮರೆಯುತ್ತ ಹೋದಳು. ಮನೆಯಲ್ಲಿ ಒಬ್ಬರಾದರೂ ನೆನಪಿಟ್ಟುಕೊಳ್ಳದಿದ್ದರೆ ಏನೂ ನಡೆದೇ ಇಲ್ಲವೆಂದಾಗುತ್ತದೆ ಎಂದು ನನಗೆ ಅನ್ನಿಸತೊಡಗಿದ್ದು ಆಗ. ಮುಂದೆ ನಾನು ಶಾಲೆಯಲ್ಲಿ ಪಾಠ ಹೇಳಿದೆ, ಹೊಸಕೋಟೆಯಲ್ಲಿ ಸಂಸಾರ ಮಾಡಿದೆ. ಯಾರು ಏನು ಅಂದರೋ ಅದನ್ನು ಅವರ ಮಾತಿನಲ್ಲೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹಿಂತಿರುಗಿ ಹೇಳುವವಳೆಂದು ಎರಡೂ ಕಡೆ ಹೆಸರಾದೆ. ಅದು ಒಳ್ಳೆಯ ಹೆಸರಲ್ಲವೆಂದು ನನಗೆ ಗೊತ್ತು.

ಅಮ್ಮ ತೀರಿಕೊಂಡ ಮೇಲೆ ಬೀರು ಕೇಳಿದ್ದೆ. ಅದು ಮನೆಯದು, ಮನೆಯಲ್ಲೇ ಇರಲಿ ಎಂದು ಮಂಜಣ್ಣ ಹೇಳಿದ. ಮನೆಯದು ಎಂಬ ಮಾತನ್ನು ಆ ಬೀರುವಿನ ಬಗ್ಗೆ ನಾನು ಕೇಳಿದ್ದು ಅದೇ ಮೊದಲು. ಹೀಗೆ ಉಳಿಸಿಕೊಂಡವನು ಅದನ್ನು ಮಗ್ಗದ ಕೋಣೆಗೆ ನೂಕಿ, ಲಾಳಿ, ಎಣ್ಣೆ ಡಬ್ಬಿ, ತುಕ್ಕು ಹಿಡಿದ ಸ್ಪ್ಯಾನರುಗಳನ್ನು ತುಂಬಿಸಿದ. ದೊಡ್ಡಮ್ಮ ತಮ್ಮ ಕೊನೆಗಾಲದಲ್ಲಿ ಕನ್ನಡಿಯ ತೇಗದ ಬೀರುವನ್ನು ಹಳೆಯ ಸಾಮಾನಿನವನಿಗೆ ಕೊಟ್ಟು ಕಬ್ಬಿಣದ ಬೀರು ತರಿಸಿಕೊಂಡಿದ್ದರು. ಲಾಕರ್ ಇದೆ, ಗೆದ್ದಲು ಹಿಡಿಯುವುದಿಲ್ಲ ಎಂದು ಬಂದವರಿಗೆಲ್ಲ ಬಾಗಿಲು ಬಡಿದು ಸದ್ದು ಮಾಡಿ ತೋರಿಸುತ್ತಿದ್ದರು. ಹೀಗಾಗಿ ಅವರು ಹೋದಾಗ ಆ ಮನೆಯಲ್ಲಿ ಮರದ ಬೀರು ಎಂದು ಉಳಿದದ್ದು ಅಮ್ಮನದೊಂದೇ.

ಮಂಜಣ್ಣನ ಮಗಳು ಸಿಂಧು ಮನೆಯ ಮುಂಭಾಗವನ್ನು ಸೀರೆ ಅಂಗಡಿ ಮಾಡಿದಳು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ ಹಳೆಯ ಮನೆಯೊಳಗೆ ಕೂತು ಸೀರೆ ನೋಡುವ ಅನುಭವ ಬೇಕಂತೆ. ಪೂಜೆಗೆ ನನ್ನನ್ನೂ ಕರೆದರು, ಹೋದೆ. ನಡುಮನೆಯಲ್ಲಿ, ಕನ್ನಡಿ ಬೀರು ಇದ್ದ ಜಾಗದಲ್ಲೇ, ಮಾಸಿದ ಕೆನೆಬಣ್ಣದ ಒಂದು ಬೀರು ನಿಂತಿತ್ತು. ಅಂಚುಗಳಲ್ಲಿ ಬಣ್ಣ ಎದ್ದುಹೋಗಿ ಹಸಿರು, ನೀಲಿ ಇಣುಕುತ್ತಿದ್ದವು. ಸಂದಿಗಳಲ್ಲೆಲ್ಲ ಕಪ್ಪು ಕೊಳೆ. ಬಾಗಿಲುಗಳು ತೆರೆದಿದ್ದವು, ಒಳಗೆ ರೇಷ್ಮೆ ಸೀರೆಗಳು.

“ಅತ್ತೆ, ಗುರುತು ಸಿಕ್ತಾ?” ಸಿಂಧು ಕೈ ಹಿಡಿದು ಎಳೆದುಕೊಂಡು ಹೋದಳು.

“ಇದೇನಮ್ಮ, ಹೀಗೆ ಕಿತ್ತೋಗಿದೆ?”

“ಕಿತ್ತೋಗಿಲ್ಲ ಅತ್ತೆ, ಕೀಳ್ಸಿರೋದು! ಹೊಸ ಪೇಂಟ್ ಹೊಡ್ಸಿ ಆಮೇಲೆ ಬೇಕಂತ್ಲೇ ಡ್ಯಾಮೇಜ್ ಮಾಡ್ಸೋದು. ಆಂಟಿಕ್ ಫಿನಿಶ್ ಅಂತಾರೆ. ಈಗ ಎಲ್ಲಾ ಕಡೆ ಇದೇ.”

ಡ್ಯಾಮೇಜ್ ಎಂಬ ಮಾತು ಅವಳ ಬಾಯಿಂದ ಎಷ್ಟು ಹಗುರವಾಗಿ ಬಂತು. ಅವಳಿಗೆ ಏನೂ ತಿಳಿಯದು; ಅವಳ ಮೇಲೆ ನನಗೆ ಆ ಕ್ಷಣ ಸಿಟ್ಟಿರಲಿಲ್ಲ. ಹುಡುಗಿ ಕೆಲಸಗಾರ್ತಿ, ಅದನ್ನು ನಾನು ಮುಚ್ಚಿಡುವುದಿಲ್ಲ. ಬೀರುವನ್ನು ಪೇಂಟರ್ ಜೊತೆಗೆ ನಿಂತು ಮಾಡಿಸಿ, ನೋಡಿ ಕಲಿತು, ಈಗ ಸ್ಟೂಲುಗಳಿಗೆ ತಾನೇ ಹಾಗೆ ಬಣ್ಣ ಹಾಕುತ್ತಿದ್ದಳು. ಹಿತ್ತಲಿಗೆ ಕರೆದೊಯ್ದು ಒಂದನ್ನು ತೋರಿಸಿದಳು. ಮೊದಲು ಗಾಢ ಕಂದು. ಅದು ಒಣಗಿದ ಮೇಲೆ ಅಂಚಿಗೆ, ಮೂಲೆಗೆ, ಕೈ ತಗಲಿ ಸವೆಯಬಹುದಾದ ಕಡೆ ಮೇಣದಬತ್ತಿ ಉಜ್ಜುವುದು. ಮೇಲೆ ಸುಣ್ಣದಂತೆ ಹೊಳಪಿಲ್ಲದ ಕೆನೆಬಣ್ಣ. ಅದೂ ಒಣಗಿದ ಮೇಲೆ ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿದರೆ ಮೇಣವಿದ್ದ ಕಡೆ ಬಣ್ಣ ನಿಲ್ಲದೆ ಉದುರಿ ಕೆಳಗಿನ ಕಂದು ಬಯಲಾಗುತ್ತದೆ. ಸೈಕಲ್ ಚೈನಿನಿಂದ ಹೊಡೆದರೆ ತಗ್ಗುಗಳು. ಮೊಳೆಯಿಂದ ಚುಚ್ಚಿದರೆ ಹುಳದ ತೂತುಗಳು. ಕೊನೆಗೆ ಕಪ್ಪು ಪಾಲಿಶನ್ನು ಬಟ್ಟೆಯಲ್ಲಿ ತೆಗೆದು ಸಂದಿಗಳಿಗೆ ತಿಕ್ಕಿ, ಮೇಲಿನದನ್ನು ಒರೆಸಿಬಿಟ್ಟರೆ ಹಲವು ತಲೆಮಾರಿನ ಕೊಳೆ ಸಿದ್ಧ. ಅಮ್ಮ ಮರದ ಪುಡಿ ತುಂಬಿ ಮುಚ್ಚಿದ್ದ ತೂತುಗಳು ನನಗೆ ನೆನಪಾದವು.

“ಬೀರೂಗೆ ಮಾತ್ರ ಕೆಳಗಿನ ಕಂದು ಕೋಟ್ ಬೇಕಾಗ್ಲೇ ಇಲ್ಲ ಅತ್ತೆ. ಉಜ್ತಿದ್ದಂಗೆ ಹಸಿರು, ನೀಲಿ, ಕೆಂಪು ಒಂದೊಂದಾಗಿ ಬಂದ್ಬಿಡ್ತು. ಪೇಂಟರ್ ಅಂತೂ ಫುಲ್ ಶಾಕ್. ಇಂಥ ಲೇಯರ್ಸ್ ಎಲ್ಲೂ ಸಿಗಲ್ಲ ಮೇಡಂ ಅಂದ.”

ಮತ್ತೆ ಒಳಗೆ ಬಂದು ಬೀರುವಿನ ಎಡ ಬಾಗಿಲನ್ನು ಮುಚ್ಚಿ ಬಾಗಿ ನೋಡಿದೆ. ಬೇವಿನ ಪಟ್ಟಿ ಇತ್ತು. ಅದರಿಂದ ಮೇಲಕ್ಕೆ, ಅಮ್ಮನ ಮೊಣಕಾಲಿನ ಜಾಗದಲ್ಲಿ, ಕೆನೆಬಣ್ಣ ಎಲ್ಲೂ ಎದ್ದಿರಲಿಲ್ಲ. ಕೈಯಾಡಿಸಿದೆ, ತಗ್ಗು ಇರಲಿಲ್ಲ.

“ಇಲ್ಲೊಂದು ತಗ್ಗಿತ್ತಲ್ಲಮ್ಮ.”

“ಹೂಂ ಅತ್ತೆ, ಅದು ಮಧ್ಯದಲ್ಲಿತ್ತು, ಗಲೀಜಾಗಿ ಕಾಣ್ತಿತ್ತು. ಪುಟ್ಟಿ ಹಾಕ್ಸಿ ಲೆವೆಲ್ ಮಾಡಿಸ್ದೆ. ಸವೆದಂಗೆ ಕಾಣ್ಬೇಕಾಗಿರೋದು ಕಾರ್ನರ್ ಅಲ್ವಾ?”

ಒಬ್ಬ ಹೆಂಗಸು ತನ್ನ ಜೀವಮಾನವಿಡೀ ಸವೆಸಿದ ಜಾಗವನ್ನು ತುಂಬಿ ಮುಚ್ಚಿ, ಯಾರೂ ಮುಟ್ಟದ ಮೂಲೆಗಳನ್ನು ಸವೆಸಿದ್ದರು. ಇದನ್ನು ಸಿಂಧುವಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗಲೇ ಬೆಂಗಳೂರಿನ ಇಬ್ಬರು ಹೆಂಗಸರು ಒಳಬಂದರು. ಒಬ್ಬರು ಬೀರುವನ್ನು ಕಂಡು ಅಬ್ಬಾ ಎಂದು ನಿಂತರು. ಸಿಂಧು ನಗುತ್ತ, ಬೀರುವಿನ ಮೇಲೆ ಗೋಡೆಗೆ ತೂಗುಹಾಕಿದ್ದ ಪಟವನ್ನು ತೋರಿಸಿದಳು. ಗಂಧದ ಹಾರ ಹಾಕಿಸಿಕೊಂಡು, ಜರಿ ಸೀರೆ ಉಟ್ಟು ಕೂತ ದೊಡ್ಡಮ್ಮ.

“ಇವ್ರು ನಮ್ಮಜ್ಜಿ. ಅವರು ಮದುವೆಗೆ ತವರಿಂದ ತಂದಿದ್ದು ಇದು. ಅವರಮ್ಮ ಉಪಯೋಗಿಸ್ತಿದ್ದ ಬೀರು, ಎತ್ತಿನ ಗಾಡೀಲಿ ಬಂತಂತೆ.”

ಗಾಡಿಯನ್ನೂ ಬಿಡಲಿಲ್ಲ. ಅಮ್ಮನ ಅಮ್ಮನನ್ನೂ ಬಿಡಲಿಲ್ಲ. ದೊಡ್ಡಮ್ಮ ಹಂಗಿಸಲು ಹೇಳುತ್ತಿದ್ದ ಕಥೆಯನ್ನೇ, ಹಂಗನ್ನು ತೆಗೆದು, ದೊಡ್ಡಮ್ಮನಿಗೇ ಉಡಿಸಿದ್ದರು. ಆ ಕಥೆಯನ್ನು ಮಗಳಿಗೆ ಹೇಳಿಕೊಟ್ಟಿದ್ದವನು ಗಲ್ಲಾದ ಹಿಂದೆ ಕೂತು ಮೊಬೈಲ್ ನೋಡುತ್ತಿದ್ದ. ಬಂದವರು ಹೋಗುವವರೆಗೆ ಕಾದೆ. ಅಂಗಡಿಯ ಮರ್ಯಾದೆ ಕಳೆದೆನೆಂಬ ಮಾತು ನನಗೆ ಬರಬಾರದೆಂದು ಕಾದೆ.

“ಮಂಜಣ್ಣ, ಯಾರು ತಂದ ಬೀರು ಇದು?”

“ಮನೇದು ಕಣೇ.”

“ಮನೇಲಿ ಬೀರು ಬೆಳೆಯಲ್ಲ. ಯಾರು ತಂದ್ರು?”

“ಚಿಕ್ಕಮ್ಮ ತಂದಿದ್ದು. ಈಗ ಯಾರು ಇಲ್ಲಾಂದ್ರು?”

“ನಿನ್ನ ಮಗಳು. ನೀನು ಕೇಳುಸ್ಕೊಂಡು ಕೂತಿದ್ದೆ.”

ಸಿಂಧು ತಂದೆಯ ಮುಖ ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂಬುದು ಕಂಡಿತು. ಆದರೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಹೋಗ್ಲಿ ಬಿಡಿ ಅತ್ತೆ, ಚಿಕ್ಕಜ್ಜೀನೂ ಅಜ್ಜೀನೇ ಅಲ್ವಾ? ಕಸ್ಟಮರ್ಸ್‌ಗೆ ಅಷ್ಟುದ್ದ ಹೇಳ್ತಾ ಕೂರಕ್ಕಾಗುತ್ತಾ?”

“ಉದ್ದ ಏನಿಲ್ಲಮ್ಮ. ‘ನಮ್ಮ ಚಿಕ್ಕಜ್ಜಿ ಗೌರಮ್ಮ’. ಹೆಸರೊಂದು ಜಾಸ್ತಿ, ಅಷ್ಟೇ.”

“ಚಿಕ್ಕಜ್ಜಿ ಫೋಟೋನೇ ಇಲ್ವಲ್ಲ ಅತ್ತೆ, ಮೇಲೆ ಹಾಕಕ್ಕೆ.”

ಅದು ನಿಜ. ಅಮ್ಮನ ಒಂಟಿ ಫೋಟೋ ಎಂಬುದೇ ಇಲ್ಲ. ಮನೆಮಂದಿಯೆಲ್ಲ ನಿಂತ ಒಂದೇ ಒಂದು ಚಿತ್ರದಲ್ಲಿ ದೊಡ್ಡಮ್ಮನ ಭುಜದ ಹಿಂದೆ ಅವಳ ಅರ್ಧ ಮುಖವಿದೆ. ಫೋಟೋ ಯಾಕಿಲ್ಲವೆಂಬುದಕ್ಕೂ ಕಾರಣವುಂಟು, ಅದನ್ನು ಎತ್ತಲಿಲ್ಲ. ಸಿಂಧುವನ್ನು ಕೂರಿಸಿಕೊಂಡು ಹಬ್ಬದ ದಿನದ ಕೆಂಪು ನೂಲಿನ ಕಥೆಯನ್ನು, ಅವಳ ತಂದೆಯ ಎದುರಿಗೇ, ಅವನು ಕೂಗಿದ ಮಾತನ್ನು ಅವನು ಕೂಗಿದಂತೆಯೇ ಹೇಳಿದೆ.

“ಆಗ ನಾನು ಹುಡ್ಗ ಕಣೇ ಲಚ್ಚಿ. ಹುಡುಗಾಟ.”

“ನಾನು ನಿನಗಿಂತ ಚಿಕ್ಕವಳು. ನಂಗೆ ನೆನಪಿದೆ.”

“ನಿಂಗೆ ನೆನಪಿಲ್ದೇ ಇರೋದು ಏನಿದೆ, ಬಿಡು. ಈಗೇನು, ಬೀರು ಬೇಕಾ? ತಗೊಂಡೋಗು. ಟೆಂಪೋ ನಾನೇ ಮಾಡುಸ್ಕೊಡ್ತೀನಿ.”

“ಅಪ್ಪಾ!” ಎಂದಳು ಸಿಂಧು.

“ಬೇಡ,” ಎಂದೆ. “ಇಲ್ಲೇ ಇರ್ಲಿ. ನಡುಮನೇಲೇ ಇರ್ಲಿ. ನನಗೆ ಬೇಕಾಗಿರೋದು ಹೆಸರು. ತಂದೋಳ ಹೆಸರು ಹೇಳಿ, ಸಾಕು.”

ಮಂಜಣ್ಣ ಮೊಬೈಲನ್ನು ಗಲ್ಲಾದ ಮೇಲಿಟ್ಟ. ಆಮೇಲೆ, ಮಗಳು ಸೀರೆ ಮಡಿಚಲು ಆಚೆ ಹೋದದ್ದನ್ನು ನೋಡಿಕೊಂಡು, ದನಿ ತಗ್ಗಿಸಿ ಹೇಳಿದ.

“ಹೆಸರು ಹೇಳಿದ್ರೆ ಮುಂದಿನ ಪ್ರಶ್ನೆ ಏನು ಗೊತ್ತಾ? ಹಂಗಾದ್ರೆ ನಿಮ್ಮ ಸ್ವಂತ ಅಜ್ಜಿ ಏನು ತಂದ್ರು ಅಂತ. ಏನು ತೋರಿಸ್ಲಿ? ನಮ್ಮಮ್ಮನ ತವರಿಂದು ಈ ಮನೇಲಿ ಒಂದು ಚಮಚಾನೂ ಇಲ್ಲ ಲಚ್ಚಿ. ಎಲ್ಲಾ ಅವಳೇ ಕೊಟ್ಟು ಹೊಸದು ತಗೊಂಡ್ಲು. ಅವಳಿಗೂ ಒಂದು ಮರ್ಯಾದೆ ಬೇಡ್ವಾ?”

ಇದನ್ನು ಕೇಳಿ ನಾನು ಕರಗಬೇಕಿತ್ತೇನೋ. ತಾಯಿಯ ತವರಿಗೆ ಮಾತು ಬರಬಾರದೆಂಬ ಆ ಸಂಕಟ ನನಗೆ ಅಪರಿಚಿತವಲ್ಲ; ಅದನ್ನು ನಾನು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತು ನೋಡಿದ್ದೇನೆ. ಆದರೆ ಅಮ್ಮ ತನ್ನ ತಾಯಿಯನ್ನು ಕಾಪಾಡಲು ಇನ್ನೊಬ್ಬರ ಸಾಮಾನಿಗೆ ಕೈ ಹಾಕಲಿಲ್ಲ. ಉಳಿದ ಬಣ್ಣವನ್ನು ಕೂಡ ಕೇಳಿ ತೆಗೆದುಕೊಂಡಳು. ನಾನು ಊಟ ಮಾಡದೆ ಹೊರಟೆ. ಬಾಗಿಲವರೆಗೆ ಬಂದ ಸಿಂಧು, ನೋಡೋಣ ಅತ್ತೆ, ಹೇಳ್ತೀನಿ ಎಂದಳು.

ಹೇಳಲಿಲ್ಲ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಮೇಡಂ ಈಚೆಗೆ ಮಗಳ ಮದುವೆಗೆ ಸೀರೆ ತರಲು ಅಲ್ಲಿಗೆ ಹೋಗಿದ್ದರು. ನಾನು ಕಳಿಸಿದವರಲ್ಲ, ತಾವಾಗಿಯೇ ಹೋದವರು. ಬಂದು, ಒಂದು ಚೆಂದದ ಹಳೆಯ ಬೀರು ನೋಡಿದೆ, ಆ ಮನೆಯ ಅಜ್ಜಿ ತವರಿನಿಂದ ತಂದದ್ದಂತೆ, ಪಟದಲ್ಲಿ ಎಷ್ಟು ಲಕ್ಷಣವಾಗಿದ್ದಾರೆ ಎಂದರು. ನಾನು ಹೌದೇ ಎಂದೆ. ಬೀರುವನ್ನು ಬೇಡವೆಂದದ್ದು ನಾನೇ ಆದ್ದರಿಂದ ಅದನ್ನು ಕುರಿತು ಇನ್ನು ದೂರುವುದಿಲ್ಲ. ಮಂಜಣ್ಣ, ಅದು ನಿನ್ನ ತಾಯಿಯೇ ತಂದದ್ದು ಎಂದು ಒಪ್ಪಿ, ಈ ಬರಹವನ್ನು ಹರಿದುಹಾಕಲು ಕೂಡ ನಾನು ಸಿದ್ಧಳಿದ್ದೇನೆ. ನೀನು ಒಂದಕ್ಕೆ ಮಾತ್ರ ಉತ್ತರ ಕೊಡು, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೊಡು: ಆ ಬೀರು ಬಂದದ್ದು ನಿನ್ನ ತಾಯಿಯ ತವರಿನಿಂದಲೇ ಆದರೆ, ಅಷ್ಟು ವರ್ಷ ಅದನ್ನು ನೋಡಿ ನೋಡಿ ಅವರು ಹಂಗಿಸಿದ್ದು ಯಾರ ತವರನ್ನು?